ಗೈಗರ್, ಹರಳು, ನ್ಯೂಟ್ರಾನ್ ಟ್ಯೂಬ್: ಹವ್ಯಾಸಕ್ಕೆ ಯಾವ ಡಿಟೆಕ್ಟರ್ ತಗೊಳ್ಳಬೇಕು?

ಯಾವ ಡಿಟೆಕ್ಟರ್ ತಗೊಳ್ಳಲಿ ಅಂತ ಕೇಳುವವರಲ್ಲಿ ಜಾಸ್ತಿ ಜನ ಯಾವುದೋ ಗೈಗರ್ ಕೌಂಟರಿನ ಚಿತ್ರ ನೋಡಿ ಮನಸ್ಸು ಮಾಡಿಕೊಂಡೇ ಬಂದಿರುತ್ತಾರೆ. ತಪ್ಪೇನಿಲ್ಲ. ಆದರೆ ಈ ಹವ್ಯಾಸದಲ್ಲಿ ಎಲ್ಲ ಕೆಲಸಕ್ಕೂ ಆಗುವ ಒಂದೇ ಯಂತ್ರ ಅಂತ ಇಲ್ಲ. ಹೊಂದದ ಯಂತ್ರ ಕೊಂಡವರು ಸ್ವಲ್ಪ ದಿನ ಟಿಕ್ ಟಿಕ್ ಸದ್ದು ಕೇಳಿ ಖುಷಿಪಟ್ಟು, ಆಮೇಲೆ ಕಪಾಟಿಗೆ ಸೇರಿಸಿಬಿಡುತ್ತಾರೆ. ಹಾಗಾಗಿ ಮೊದಲು ನಿಮಗೇನು ಬೇಕು ಅಂತ ಕೇಳಿಕೊಳ್ಳಿ. ವಿಕಿರಣ ಇದೆಯೋ ಇಲ್ಲವೋ ಗೊತ್ತಾದರೆ ಸಾಕಾ? ಅದು ಯಾವ ಪದಾರ್ಥದಿಂದ ಬರುತ್ತಿದೆ ಅನ್ನುವುದೂ ತಿಳಿಯಬೇಕಾ? ಇಲ್ಲಾ ನ್ಯೂಟ್ರಾನನ್ನೇ ಹಿಡಿಯಬೇಕಾ? ಮೂರಕ್ಕೂ ಬೇರೆ ಬೇರೆ ಸಾಮಾನು ಬೇಕು. ಮೂರನೆಯದರ ಮೇಲೆ ಎಲ್ಲರಿಗೂ ಆಸೆ, ಆದರೆ ಅದಕ್ಕೆ ಕೈ ಹಾಕುವುದು ಕೊನೆಗೇ ಇರಲಿ.

ಗೈಗರ್ ಟ್ಯೂಬ್: ಇದೆಯಾ, ಇಲ್ವಾ?

ಹಾನ್ಸ್ ಗೈಗರ್ ಮತ್ತು ವಾಲ್ಟರ್ ಮ್ಯೂಲರ್ 1928ರಲ್ಲಿ ಮಾಡಿದ ಟ್ಯೂಬು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಒಳಗೆ ಕಡಿಮೆ ಒತ್ತಡದ ಅನಿಲ, ನಡುವೆ ಒಂದು ತಂತಿ, ಕೆಲವು ನೂರು ವೋಲ್ಟ್. ವಿಕಿರಣದ ಒಂದು ಕಣ ಒಳಗೆ ಒಂದೇ ಒಂದು ಎಲೆಕ್ಟ್ರಾನನ್ನು ಬಿಡಿಸಿದರೂ ಸಾಕು, ಇಡೀ ಟ್ಯೂಬು ಒಮ್ಮೆಲೇ ಹೊತ್ತಿಕೊಂಡ ಹಾಗೆ ಒಂದು ದೊಡ್ಡ ಪಲ್ಸ್ ಬರುತ್ತದೆ. ಸರ್ಕ್ಯೂಟ್ ಇಷ್ಟು ಸರಳವಾಗಿರುವುದಕ್ಕೆ ಇದೇ ಕಾರಣ, ಕೊರತೆಯೂ ಇದೇ. ಬಂದ ಕಣ ದುರ್ಬಲವಾಗಿರಲಿ, ಬಲವಾಗಿರಲಿ, ಪಲ್ಸ್ ಒಂದೇ ಅಳತೆಯದು. ಎಷ್ಟು ಸಲ ಅಂತ ಎಣಿಸಬಹುದು, ಯಾವುದು ಅಂತ ಹೇಳಲಾಗದು.

ಕಿಟ್‌ಗಳಲ್ಲಿ ತುಂಬಾ ಸಿಗುವುದು ಸೋವಿಯತ್ ಕಾಲದ ಎಸ್‌ಬಿಎಂ-20. ಸುಮಾರು 11 ಸೆಂಟಿಮೀಟರ್ ಉದ್ದ, ತೆಳು ಉಕ್ಕಿನ ಗೋಡೆ, 400 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಗಟ್ಟಿಮುಟ್ಟು. ಬಲವಾದ ಬೀಟಾ (ವೇಗದ ಎಲೆಕ್ಟ್ರಾನ್) ಮತ್ತು ಗಾಮಾ (ಎಕ್ಸ್-ರೇ ಜಾತಿಯ ಕಿರಣ) ಇದಕ್ಕೆ ಕಾಣುತ್ತವೆ, ಆಲ್ಫಾ (ಭಾರದ ಹೀಲಿಯಂ ಬೀಜ) ಮಾತ್ರ ಗೋಡೆ ದಾಟಿ ಒಳಗೆ ಬರುವುದೇ ಇಲ್ಲ. ಗಾಮಾ ಕೂಡ ನೂರರಲ್ಲಿ ಒಂದು ಸಿಕ್ಕರೆ ಹೆಚ್ಚು, ಉಳಿದದ್ದೆಲ್ಲ ಆರಪಾರ ಹೋಗಿಬಿಡುತ್ತದೆ.

ಇನ್ನೊಂದು ಜಾತಿ ಪ್ಯಾನ್‌ಕೇಕ್ ಟ್ಯೂಬ್. ಚಪ್ಪಟೆ ಡಬ್ಬಿ, ಒಂದು ಮುಖದಲ್ಲಿ ಕಾಗೆಬಂಗಾರದ ತೀರಾ ತೆಳುವಾದ ಕಿಟಕಿ. ಆ ಕಿಟಕಿಯ ಮೂಲಕ ಆಲ್ಫಾನೂ ಬರುತ್ತದೆ, ಮೆತ್ತಗಿನ ಬೀಟಾನೂ ಬರುತ್ತದೆ. ಯುರೇನಿಯಂ ಗಾಜಿನ ಬಟ್ಟಲು, ಥೋರಿಯಂ ಇರುವ ವೆಲ್ಡಿಂಗ್ ಕಡ್ಡಿ, ಹಳೇ ಗ್ಯಾಸ್‌ಲೈಟಿನ ಮ್ಯಾಂಟಲ್ ಇಂಥವನ್ನು ಹತ್ತಿರ ಹಿಡಿದರೆ ಎಸ್‌ಬಿಎಂ-20 ಗೊಣಗುವ ಕಡೆ ಇದು ಅರಚುತ್ತದೆ. ಎಲ್‌ಎನ್‌ಡಿ 7317 ಈ ಜಾತಿಯಲ್ಲಿ ಹೆಸರುವಾಸಿ. ಒಂದೇ ಕಷ್ಟ, ಕಿಟಕಿಗೆ ಉಗುರು ತಾಗಿದರೂ ಟ್ಯೂಬಿನ ಕಥೆ ಮುಗಿಯಿತು. ಗೈಗರೇ ಬೇಕು ಅಂತ ಹಠ ಇದ್ದರೆ, ಹೆಚ್ಚು ದುಡ್ಡು ಕೂಡಿಸಿಯಾದರೂ ಪ್ಯಾನ್‌ಕೇಕ್ ತಗೊಳ್ಳಿ ಅನ್ನುತ್ತೇನೆ. ವಸ್ತುವಿನ ಮೇಲ್ಮೈಗೆ ಹತ್ತಿರ ಹಿಡಿದು ಹುಡುಕುವ ಕೆಲಸದಲ್ಲಿ ಇದನ್ನು ಹರಳಿನ ಡಿಟೆಕ್ಟರ್ ಕೂಡ ಸೋಲಿಸುವುದಿಲ್ಲ.

ಪರದೆ ಮೇಲೆ ಬರುವ ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಡೋಸಿನ ಅಳತೆ) ಸಂಖ್ಯೆಯನ್ನು ಮಾತ್ರ ಸುಮ್ನೆ ನಂಬಬೇಡಿ. ಬಹಳಷ್ಟು ಮೀಟರುಗಳಲ್ಲಿ ಅದು ಸೀಸಿಯಂ-137ರ ಗಾಮಾವನ್ನು ಇಟ್ಟುಕೊಂಡು ಮಾಡಿದ ಗುಣಾಕಾರ, ಅಷ್ಟೇ. ನೀವು ಅದನ್ನು ಯುರೇನಿಯಂ ಗಾಜಿಗೆ ಹಿಡಿದಾಗ ಎಣಿಕೆ ಆಗುತ್ತಿರುವುದು ಬಹುಪಾಲು ಬೀಟಾ. ಆದರೂ ಮೀಟರು ಅದೇ ಗುಣಾಕಾರ ಮಾಡಿ ಹೆದರಿಸುವಂಥ ಡೋಸ್ ತೋರಿಸುತ್ತದೆ. ಬಟ್ಟಲಿನ ಚಿತ್ರ, ಪಕ್ಕದಲ್ಲಿ ಕೆಂಪು ಸಂಖ್ಯೆ, ಜನ ಗಾಬರಿ. ಅದಕ್ಕೇ ನಿಮಿಷಕ್ಕೆ ಎಷ್ಟು ಎಣಿಕೆ ಅಂತ, ಅಂದರೆ ಸಿಪಿಎಂನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎಣಿಕೆಯ ಏರಿಳಿತವೂ ಹೊಸಬರನ್ನು ಕಾಡುತ್ತದೆ. ಒಂದು ನಿಮಿಷ 18, ಮುಂದಿನ ನಿಮಿಷ 31, ಆಮೇಲೆ 24. ಏನೋ ಬಂತು, ಏನೋ ಹೋಯಿತು ಅನ್ನಿಸುತ್ತದೆ, ಅಲ್ವಾ? ಏನೂ ಬಂದಿಲ್ಲ. ಸರಾಸರಿ 25 ಇದ್ದಾಗ ಅದರ ವರ್ಗಮೂಲದಷ್ಟು, ಅಂದರೆ 5ರಷ್ಟು ಆಚೀಚೆ ಆಗುವುದು ಮಾಮೂಲು, ಆಗಾಗ ಅದರ ಎರಡರಷ್ಟೂ ಆಗುತ್ತದೆ. 100 ಎಣಿಸಿದರೆ ಅಂದಾಜು ಶೇಕಡಾ 10ರಷ್ಟು ಸರಿ, 10,000 ಎಣಿಸಿದರೆ ಶೇಕಡಾ 1. ಯಾವ ಯಂತ್ರ ಕೊಂಡರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾಗದು. ಎಣಿಕೆಯನ್ನು ಫೈಲಿಗೆ ಬರೆದಿಡುವ ಸೌಲಭ್ಯ ಇಲ್ಲದ ಮೀಟರು ಎಷ್ಟೇ ಚಂದ ಇರಲಿ, ಬಿಟ್ಟುಬಿಡಿ.

ವಿಕಿರಣ ತೀರಾ ಜಾಸ್ತಿ ಇರುವ ಕಡೆ ಗೈಗರ್ ಟ್ಯೂಬ್ ಉಸಿರುಗಟ್ಟುತ್ತದೆ, ಇದೂ ಗೊತ್ತಿರಲಿ. ಪ್ರತಿ ಪಲ್ಸ್ ಆದಮೇಲೆ ಸುಮಾರು 100 ಮೈಕ್ರೋಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ಅದು ಕಿವುಡು. ಪಲ್ಸುಗಳು ಒಂದರ ಮೇಲೊಂದು ಬಿದ್ದರೆ ಅಗ್ಗದ ಮೀಟರು ಕಡಿಮೆ ತೋರಿಸಬಹುದು, ಸೊನ್ನೆಯನ್ನೂ ತೋರಿಸಬಹುದು. ಹವ್ಯಾಸದಲ್ಲಿ ಅಂಥ ಜಾಗಕ್ಕೆ ಹೋಗಲೇಬಾರದು, ಅದು ಬೇರೆ ಮಾತು.

ಹರಳು: ಯಾವುದು ಅಂತ ಗೊತ್ತಾಗಬೇಕಾದರೆ

ನನ್ನ ಒಲವು ಇಲ್ಲಿದೆ, ಮುಚ್ಚುಮರೆ ಏನಿಲ್ಲ. ಕೆಲವು ಹರಳುಗಳಿಗೆ ಗಾಮಾ ಬಡಿದರೆ ಒಳಗೆ ಬೆಳಕು ಮಿನುಗುತ್ತದೆ. ಗಾಮಾ ಎಷ್ಟು ಶಕ್ತಿ ಬಿಟ್ಟುಕೊಟ್ಟಿತೋ ಬೆಳಕೂ ಅಷ್ಟು. ಆ ಬೆಳಕನ್ನು ಅಳೆದು ಕಂಬಗಳ ನಕ್ಷೆ ಮಾಡಿದರೆ ಅದೇ ಸ್ಪೆಕ್ಟ್ರಮ್. ಪ್ರತಿ ಪದಾರ್ಥಕ್ಕೂ ಅದರದ್ದೇ ಆದ ದಿಬ್ಬಗಳಿರುತ್ತವೆ. ಸೀಸಿಯಂ-137 ಆದರೆ 662 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್, ಗಾಮಾದ ಶಕ್ತಿಯ ಅಳತೆ), ಪೊಟ್ಯಾಸಿಯಂ-40 ಆದರೆ 1460, ಅಮೆರಿಸಿಯಂ-241 ಆದರೆ 59.5. ಗೈಗರ್ ಇಟ್ಟುಕೊಂಡವರು ಇಲ್ಲೇನೋ ಇದೆ ಅನ್ನುವಲ್ಲಿಗೆ ನಿಲ್ಲುತ್ತಾರೆ, ಹರಳಿನವರು ಅದರ ಹೆಸರು ಹೇಳುತ್ತಾರೆ.

ಇದರಲ್ಲಿ ಎರಡು ದಾರಿ. ಹಳೆಯದು ಸೋಡಿಯಂ ಅಯೊಡೈಡ್ ಹರಳು, ಅದರ ಬೆನ್ನಿಗೆ ಆ ಮಿನುಗನ್ನು ದೊಡ್ಡ ವಿದ್ಯುತ್ ಪಲ್ಸ್ ಮಾಡುವ ಫೋಟೊಮಲ್ಟಿಪ್ಲೈಯರ್ ಟ್ಯೂಬ್. ರಾಬರ್ಟ್ ಹಾಫ್‌ಸ್ಟಾಟರ್ 1948ರಲ್ಲಿ ತೋರಿಸಿಕೊಟ್ಟ ಹರಳು ಇದು. 2 ಇಂಚಿನ ಹರಳು ಸಿಕ್ಕರೆ ಹಬ್ಬ. ದೊಡ್ಡದು, ಎಣಿಕೆ ಜೋರು, 662ರ ದಿಬ್ಬ ಸುಮಾರು ಶೇಕಡಾ 7ರಷ್ಟು ಅಗಲಕ್ಕೆ ಬರುತ್ತದೆ. ಆದರೆ ಸಾವಿರದ ಹತ್ತಿರ ವೋಲ್ಟ್ ಬೇಕು, ಬೆಳಕು ಒಳಗೆ ನುಸುಳಬಾರದು, ಕೈಜಾರಿ ಬಿದ್ದರೆ ಹೋಯಿತು, ಮತ್ತು ಹರಳಿಗೆ ತೇವ ಅಂದರೆ ಆಗದು. ಸೀಲ್ ಬಿಟ್ಟಿರುವ ಹಳೇ ಹರಳು ಹಳದಿ ತಿರುಗಿರುತ್ತದೆ. ಬಳಸಿದ್ದನ್ನು ಕೊಳ್ಳುವಾಗ ಮೊದಲು ಮಾರುವವರಿಂದ ಒಂದು ಸ್ಪೆಕ್ಟ್ರಮ್ ಕೇಳಿ. ಕೊಡದಿದ್ದರೆ ಕೈಬಿಡಿ.

ಹೊಸ ದಾರಿ ಜೇಬಿನ ಯಂತ್ರ. ರೇಡಿಯಾಕೋಡ್ 102, 103 ಇಂಥವುಗಳಲ್ಲಿ 1 ಘನ ಸೆಂಟಿಮೀಟರಿನ ಸೀಸಿಯಂ ಅಯೊಡೈಡ್ ಹರಳು, ಅದಕ್ಕೆ ಅಂಟಿದ ಸಿಲಿಕಾನ್ ಚಿಪ್, ಫೋನಿಗೆ ಬ್ಲೂಟೂತ್. ದಿಬ್ಬದ ಅಗಲ ಶೇಕಡಾ 8ರಿಂದ 10ರ ಆಸುಪಾಸು. ಹರಳು ಚಿಕ್ಕದಾದ್ದರಿಂದ ದುರ್ಬಲ ವಸ್ತುವಿಗೆ ರಾತ್ರಿಯಿಡೀ ಬಿಡಬೇಕಾಗುತ್ತದೆ, ಹೆಚ್ಚು ಶಕ್ತಿಯ ಗಾಮಾ ಅದರೊಳಗೆ ಪೂರ್ತಿ ನಿಲ್ಲುವುದೂ ಕಡಿಮೆ. ಆದರೆ ಸದಾ ಜೊತೆಯಲ್ಲಿರುತ್ತದೆ, ಮತ್ತು ಜೊತೆಯಲ್ಲಿದ್ದರೆ ತಾನೇ ಅಳೆಯುವುದು. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಬೆಂಚ್ ಮೇಲೆ ಕೂತು ಸೋಲ್ಡರಿಂಗ್ ಮಾಡುವುದೇ ನಿಮಗೆ ಖುಷಿ ಅಂತಾದರೆ ಮಾತ್ರ ಸೋಡಿಯಂ ಅಯೊಡೈಡ್ ಕಡೆ ಹೋಗಿ.

ಚಿಕ್ಕ ಹರಳು ಎಲ್ಲಿ ಮೋಸ ಮಾಡುತ್ತದೆ ಗೊತ್ತಾ? ನೆಲ, ಕಲ್ಲುಗಳಿಂದ ಹೊರಬರುವ ರೇಡಾನ್ ಅನಿಲ ಕೊಳೆತು ಹುಟ್ಟುವ ಮಕ್ಕಳಲ್ಲಿ ಒಂದಾದ ಬಿಸ್ಮತ್-214ರ ದಿಬ್ಬ 609ರಲ್ಲಿದೆ, ಸೀಸಿಯಂನದು 662ರಲ್ಲಿ. ನಡುವಿನ ಅಂತರ 53 ಕೆಇವಿ, ನಿಮ್ಮ ದಿಬ್ಬದ ಅಗಲವೂ ಹತ್ತಿರ ಹತ್ತಿರ ಅಷ್ಟೇ. ಕ್ಯಾಲಿಬ್ರೇಶನ್ ಸ್ವಲ್ಪ ಜರುಗಿದ್ದರೆ ಮಾಮೂಲಿ ಕಲ್ಲಿನಲ್ಲಿ ಸೀಸಿಯಂ ಕಂಡುಬಿಡುತ್ತದೆ. ಆಗ 352ರ ಕಡೆ ನೋಡಿ. ಅಲ್ಲಿ ಲೆಡ್-214ರ ದಿಬ್ಬ ಎದ್ದು ನಿಂತಿದ್ದರೆ, ಪಕ್ಕದಲ್ಲಿ 295ರದ್ದೂ ಇದ್ದರೆ, ಅದು ರೇಡಾನ್ ಸಂಸಾರ. ಸೀಸಿಯಂಗೆ ಅಂಥ ಬಳಗ ಇಲ್ಲ.

ಯಾವ ಅಪಾಯದ ಸಾಮಾನೂ ಇಲ್ಲದೆ ಹರಳನ್ನು ಪರೀಕ್ಷಿಸಲು ಒಂದು ಕಿಲೋ ಪೊಟ್ಯಾಶ್ ಗೊಬ್ಬರ ಸಾಕು. ಪೊಟ್ಯಾಸಿಯಂ ಕ್ಲೋರೈಡಿನ ಪ್ರತಿ ಗ್ರಾಮಿನಲ್ಲಿ ಸೆಕೆಂಡಿಗೆ ಸುಮಾರು 16 ಪೊಟ್ಯಾಸಿಯಂ-40 ಪರಮಾಣುಗಳು ಸಿಡಿಯುತ್ತವೆ, ಅಂದರೆ ಕಿಲೋಗೆ 16,000. 1460ರ ದಿಬ್ಬ ಎದ್ದು ಬಂದರೆ ನಿಮ್ಮ ಅಳತೆಪಟ್ಟಿಗೆ ಒಂದು ಗೂಟ ಸಿಕ್ಕಿತು. ಇನ್ನೂ ಮಜವಾದ್ದು ಮಳೆ. ಜೋರು ಮಳೆ ಶುರುವಾದಾಗ ಹೊರಗೆ ನೆನೆದ ಮೇಲ್ಮೈಯನ್ನು ಒಂದು ಕಾಗದದ ಕರವಸ್ತ್ರದಿಂದ ಒರೆಸಿ, ಮಡಚಿ ಡಿಟೆಕ್ಟರಿಗೆ ಒತ್ತಿಡಿ. ಗಾಳಿಯಲ್ಲಿದ್ದ ರೇಡಾನ್ ಮಕ್ಕಳನ್ನು ಮಳೆ ತೊಳೆದು ತಂದಿರುತ್ತದೆ. ಲೆಡ್-214ಕ್ಕೆ 27 ನಿಮಿಷ, ಬಿಸ್ಮತ್-214ಕ್ಕೆ 20 ನಿಮಿಷದ ಅರ್ಧಾಯುಷ್ಯ, ಎರಡೂ ಸೇರಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಎಣಿಕೆ ಅರ್ಧಕ್ಕಿಳಿಯುತ್ತದೆ. ಕಣ್ಣೆದುರೇ ಇಳಿಯುತ್ತದೆ. ಇದು ಪ್ಯಾನ್‌ಕೇಕ್ ಟ್ಯೂಬಿನಲ್ಲೂ ಚೆನ್ನಾಗಿ ಬರುತ್ತದೆ, ಎಸ್‌ಬಿಎಂ-20ರಲ್ಲಿ ತಾಳ್ಮೆ ಬೇಕು.

ಉಳಿದವು

ಬಿಪಿಡಬ್ಲ್ಯೂ34 ಥರದ ಫೋಟೊಡಯೋಡಿಗೆ ಬೆಳಕು ಬೀಳದಂತೆ ಮಾಡಿ ಡಿಟೆಕ್ಟರ್ ಮಾಡಬಹುದು. ಹೈ ವೋಲ್ಟೇಜ್ ಬೇಡ. ಆದರೆ ಅದರ ಮುಖ 7 ಚದರ ಮಿಲಿಮೀಟರಿನ ಆಸುಪಾಸು, ಎಣಿಕೆ ತೀರಾ ಕಡಿಮೆ, ಮೇಜು ತಟ್ಟಿದರೂ ಪಲ್ಸ್ ಬರುತ್ತದೆ. ಎಲೆಕ್ಟ್ರಾನಿಕ್ಸ್ ಕಲಿಯಲು ಸರಿ, ಅಳೆಯಲು ಅಲ್ಲ.

ಕ್ಲೌಡ್ ಚೇಂಬರ್ ಎಣಿಸುವುದೇ ಇಲ್ಲ, ತೋರಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್, ತಳದಲ್ಲಿ ಡ್ರೈ ಐಸ್, ಪಕ್ಕದಿಂದ ಬೆಳಕು. ಆಲ್ಫಾ ದಪ್ಪಗೆ ಮೊಂಡಾಗಿ, ಎಲೆಕ್ಟ್ರಾನ್ ತೆಳ್ಳಗೆ ಸೊಟ್ಟಗೆ, ಮ್ಯೂಆನ್ (ಆಕಾಶದಿಂದ ಬರುವ ಕಾಸ್ಮಿಕ್ ಕಣ) ನೆಟ್ಟಗೆ ಗೆರೆ ಎಳೆಯುತ್ತವೆ. ಮಕ್ಕಳಿಗೆ ತೋರಿಸುವುದಾದರೆ ಬೇರೆ ಯಾವ ಯಂತ್ರವೂ ಬೇಡ. ಡ್ರೈ ಐಸಿಗೆ ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಆಲ್ಕೋಹಾಲಿನ ಹತ್ತಿರ ಬೆಂಕಿ ಬೇಡ.

ನ್ಯೂಟ್ರಾನ್: ಹಿಡಿಯುವುದಕ್ಕಿಂತ ಮೋಸ ಹೋಗದಿರುವುದು ಕಷ್ಟ

ಮೇಲಿನ ಯಾವ ಯಂತ್ರವೂ ನ್ಯೂಟ್ರಾನನ್ನು ನಂಬುವ ಹಾಗೆ ತೋರಿಸುವುದಿಲ್ಲ. ಅದಕ್ಕೆ ವಿದ್ಯುದಂಶ ಇಲ್ಲ, ಅನಿಲದಲ್ಲಿ ಗುರುತು ಬಿಡದೆ ಹಾದುಹೋಗುತ್ತದೆ. ಪಕ್ಕದಲ್ಲಿ ನ್ಯೂಟ್ರಾನ್ ಮೂಲ ಇದ್ದಾಗಲೂ ಗೈಗರ್ ಮೀಟರು ತಣ್ಣಗಿರಬಹುದು, ಹಾಗಂತ ಜಾಗ ಸುರಕ್ಷಿತ ಅಂದುಕೊಳ್ಳಬಾರದು. ಒಂದೇ ಪ್ರಮಾಣದ ಶಕ್ತಿ ಮೈಗೆ ಸೇರಿದರೂ ನ್ಯೂಟ್ರಾನಿನ ಹಾನಿ ಗಾಮಾಗಿಂತ ಹಲವು ಪಟ್ಟು, ಕೆಲವು ಶಕ್ತಿಗಳಲ್ಲಿ 20 ಪಟ್ಟಿನ ಹತ್ತಿರ ಅಂತ ಲೆಕ್ಕ ಹಿಡಿಯುತ್ತಾರೆ.

ಹಿಡಿಯುವ ಉಪಾಯ ಹೀಗೆ. ಮೊದಲು ನ್ಯೂಟ್ರಾನಿನ ವೇಗ ಇಳಿಸಬೇಕು. ಗೋಲಿ ಗೋಡೆಗೆ ಬಡಿದರೆ ಹಾಗೇ ವಾಪಸ್ ಬರುತ್ತದೆ, ಇನ್ನೊಂದು ಗೋಲಿಗೆ ಬಡಿದರೆ ನಿಂತುಬಿಡುತ್ತದೆ. ನ್ಯೂಟ್ರಾನಿಗೆ ಸರಿಸಮ ತೂಕದ ಗೋಲಿ ಹೈಡ್ರೋಜನ್. ಅದಕ್ಕೇ ಪ್ಯಾರಾಫಿನ್ ಮೇಣ, ನೀರು, ಗಟ್ಟಿ ಪಾಲಿಥೀನ್ ಬಳಸುತ್ತಾರೆ, ಕೆಲವು ಸೆಂಟಿಮೀಟರ್ ದಪ್ಪ ಸಾಕು. ನಿಧಾನವಾದ ನ್ಯೂಟ್ರಾನನ್ನು ನುಂಗಿ ವಿದ್ಯುದಂಶದ ಕಣಗಳನ್ನು ಉಗುಳುವ ಮೂರು ಪದಾರ್ಥಗಳಿವೆ: ಹೀಲಿಯಂ-3, ಬೋರಾನ್-10, ಲಿಥಿಯಂ-6. ಆಯ್ಕೆ ಇವುಗಳ ನಡುವೆ.

ಹೀಲಿಯಂ-3 ಟ್ಯೂಬು ರಾಜ. ನುಂಗುವ ಸಾಮರ್ಥ್ಯ 5,330 ಬಾರ್ನ್ (ಪರಮಾಣು ನ್ಯೂಟ್ರಾನನ್ನು ಹಿಡಿಯುವ ಸಾಧ್ಯತೆಯ ಅಳತೆ), ವಿಷ ಅಲ್ಲ, ಸ್ಥಿರ. ಈ ಅನಿಲ ಬರುವುದು ಟ್ರಿಟಿಯಂ (ವಿಕಿರಣ ಸೂಸುವ ಭಾರದ ಹೈಡ್ರೋಜನ್) ಕೊಳೆತು, ಹಾಗಾಗಿ ಯಾವಾಗಲೂ ದುಬಾರಿ, ಹೊಸ ಟ್ಯೂಬು ಹವ್ಯಾಸಿಯ ಕೈಗೆ ಎಟುಕುವುದು ಕಷ್ಟ. ಬಳಸಿದ ಸೋವಿಯತ್ ಟ್ಯೂಬುಗಳೇ ಗತಿ, ಎಸ್‌ಎನ್‌ಎಂ-18 ಥರದವು. ಇದರ ನಿಜವಾದ ಬೆಲೆ ಇರುವುದು ಪಲ್ಸಿನ ಆಕಾರದಲ್ಲಿ. ಪ್ರತಿ ನ್ಯೂಟ್ರಾನಿಗೂ 764 ಕೆಇವಿ ಬಿಡುಗಡೆ ಆಗುತ್ತದೆ, ಅದರಲ್ಲಿ 573 ಪ್ರೋಟಾನಿಗೆ, 191 ಟ್ರಿಟಾನಿಗೆ, ಅಂದರೆ ಟ್ರಿಟಿಯಂ ಬೀಜಕ್ಕೆ. ಎರಡರಲ್ಲಿ ಒಂದು ಗೋಡೆಗೆ ಹೊಡೆದು ಕಳೆದುಹೋದರೆ ಪಲ್ಸ್ ಚಿಕ್ಕದಾಗುತ್ತದೆ. ಹಾಗಾಗಿ ಸ್ಪೆಕ್ಟ್ರಮ್ಮಿನಲ್ಲಿ 764ರ ಹತ್ತಿರ ಒಂದು ದಿಬ್ಬ, ಅದರ ಎಡಕ್ಕೆ 573 ಮತ್ತು 191ರಲ್ಲಿ ಎರಡು ಮೆಟ್ಟಿಲು. ಆ ಮೆಟ್ಟಿಲು ಕಂಡರೆ ನ್ಯೂಟ್ರಾನ್ ಅಂತ ಧೈರ್ಯವಾಗಿ ಹೇಳಬಹುದು. ಗಾಮಾ ಪಲ್ಸುಗಳು ಎಡತುದಿಯಲ್ಲಿ ಕೆಳಗೇ ಉಳಿಯುತ್ತವೆ, ಅವನ್ನು ಕತ್ತರಿಸಿಬಿಡಬಹುದು.

ಬೋರಾನ್ ಟ್ರೈಫ್ಲೋರೈಡ್ ಟ್ಯೂಬು ಗಾಮಾವನ್ನು ಬೇರ್ಪಡಿಸುವುದರಲ್ಲಿ ಇದಕ್ಕಿಂತಲೂ ಒಳ್ಳೆಯದು, ಒಂದು ಸಲಕ್ಕೆ 2.3 ಎಂಇವಿ, ಅಂದರೆ 2,300 ಕೆಇವಿ ಸಿಗುತ್ತದೆ. ಆದರೆ ಒಳಗಿರುವ ಅನಿಲ ವಿಷ, ಲೋಹವನ್ನೂ ತಿನ್ನುತ್ತದೆ. ಹಳೇ ಟ್ಯೂಬು ಸೋರಿದರೆ ಯಾರಿಗೆ ಬೇಕು ಆ ಗೋಳು? ಮನೆಗೆ ಬೇಡ. ಒಳಗೋಡೆಗೆ ಬೋರಾನ್ ಬಳಿದ ಎಸ್‌ಎನ್‌ಎಂ-11 ಥರದ ಟ್ಯೂಬಿನಲ್ಲಿ ಆ ಭಯ ಇಲ್ಲ, ಅಗ್ಗವೂ ಹೌದು. ಆದರೆ ಅದರಲ್ಲಿ ದಿಬ್ಬ ಬರುವುದಿಲ್ಲ. ಪಲ್ಸುಗಳು ಸೊನ್ನೆಯಿಂದಲೇ ಇಳಿಜಾರಾಗಿ ಹರಡಿರುತ್ತವೆ, ಎಲ್ಲಿ ಕತ್ತರಿಸಬೇಕು ಅನ್ನುವುದೇ ತಲೆನೋವು.

ಲಿಥಿಯಂ-6ರ ಕಥೆ ಮಿಶ್ರ. 4.78 ಎಂಇವಿ ಅನ್ನುವ ದೊಡ್ಡ ಮೊತ್ತ ಬಿಡುಗಡೆ ಆಗುತ್ತದೆ. ಆದರೆ ದಪ್ಪ ಲಿಥಿಯಂ ಗಾಜು ಗಾಮಾವನ್ನೂ ಚೆನ್ನಾಗಿ ಹಿಡಿದು ಗೊಂದಲ ಮಾಡುತ್ತದೆ. ಲಿಥಿಯಂ-6 ಬೆರೆಸಿದ ಝಿಂಕ್ ಸಲ್ಫೈಡಿನ ತೆಳು ಹಾಳೆ ವಾಸಿ, ತೆಳುವಾದ್ದರಿಂದ ಗಾಮಾ ಅದರಲ್ಲಿ ಹೆಚ್ಚು ಶಕ್ತಿ ಬಿಡಲಾರದು. ಫೋಟೊಮಲ್ಟಿಪ್ಲೈಯರ್ ಈಗಾಗಲೇ ಇದ್ದವರಿಗೆ ಇದು ಚೆನ್ನಾಗಿ ಒಗ್ಗುವ ದಾರಿ.

ಇವೆಲ್ಲದರಿಂದ ದೂರ ನಿಂತಿರುವುದು ಬಬಲ್ ಡಿಟೆಕ್ಟರ್. ಬೆರಳು ಗಾತ್ರದ ನಳಿಕೆ, ಒಳಗೆ ಜೆಲ್, ಜೆಲ್ಲಿನಲ್ಲಿ ಕುದಿಯಲು ಕಾಯುತ್ತಿರುವ ಸಣ್ಣ ಹನಿಗಳು. ನ್ಯೂಟ್ರಾನ್ ಬಡಿದರೆ ಹನಿ ಗುಳ್ಳೆಯಾಗುತ್ತದೆ, ಕಣ್ಣಲ್ಲೇ ಎಣಿಸಬಹುದು. ವೈರಿಲ್ಲ, ಸರ್ಕ್ಯೂಟಿಲ್ಲ, ಎಕ್ಸ್-ರೇಗೂ ವಿದ್ಯುತ್ ಗದ್ದಲಕ್ಕೂ ಜಗ್ಗುವುದಿಲ್ಲ. ಆದರೆ ಬಾಳಿಕೆ ಕಡಿಮೆ, ಒಳ್ಳೇ ಬೆಲೆ ಕೊಟ್ಟು ಮತ್ತೆ ಮತ್ತೆ ಕೊಳ್ಳಬೇಕು.

ಈ ಗದ್ದಲದ ಮಾತು ಯಾಕೆ ಬಂತು ಅಂದರೆ, ಹವ್ಯಾಸಿ ಫ್ಯೂಸರ್ (ಹೈ ವೋಲ್ಟೇಜಿನಲ್ಲಿ ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್, ಬೀಜಗಳನ್ನು ಬೆಸೆದು ನ್ಯೂಟ್ರಾನ್ ಹುಟ್ಟಿಸುವ ಯಂತ್ರ) ಮಾಡಿದವರ ನ್ಯೂಟ್ರಾನ್ ಹಲವು ಸಲ ನ್ಯೂಟ್ರಾನೇ ಆಗಿರುವುದಿಲ್ಲ. ಹೈ ವೋಲ್ಟೇಜಿನಲ್ಲಿ ಒಂದು ಕಿಡಿ ಹಾರಿದರೆ ಕೌಂಟರಿನ ಕೇಬಲ್ಲೇ ಆಂಟೆನಾ ಆಗಿ ಎಣಿಕೆ ತುಂಬಿಕೊಳ್ಳುತ್ತದೆ. ಇದನ್ನು ಬಯಲು ಮಾಡಲು ಸುಲಭದ ಪರೀಕ್ಷೆ ಇದೆ: ಟ್ಯೂಬಿನ ಸುತ್ತ ಇರುವ ಪಾಲಿಥೀನ್ ತೆಗೆಯಿರಿ. ವೇಗದ ನ್ಯೂಟ್ರಾನ್ ಆಗಿದ್ದರೆ ಎಣಿಕೆ ಬಿದ್ದುಹೋಗಬೇಕು. ಗದ್ದಲವಾದರೆ ಅಷ್ಟೇ ಇರುತ್ತದೆ. ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಬೆಳ್ಳಿ. ಎನ್ರಿಕೊ ಫೆರ್ಮಿ 1934ರಲ್ಲಿ ರೋಮಿನಲ್ಲಿ ಪ್ಯಾರಾಫಿನ್ ಇಟ್ಟು ನಿಧಾನ ನ್ಯೂಟ್ರಾನಿನ ಆಟ ಕಂಡುಹಿಡಿದದ್ದು ಬೆಳ್ಳಿಯಲ್ಲೇ. ನ್ಯೂಟ್ರಾನ್ ನುಂಗಿದ ಬೆಳ್ಳಿ ತಾನೇ ವಿಕಿರಣ ಸೂಸುತ್ತದೆ. ಒಂದು ಭಾಗ 24.6 ಸೆಕೆಂಡಿಗೆ ಅರ್ಧ, ಇನ್ನೊಂದು ಭಾಗ 2.4 ನಿಮಿಷಕ್ಕೆ ಅರ್ಧ. ಯಂತ್ರ ಆರಿಸಿದ ಮೇಲೆ ಸಾದಾ ಗೈಗರಿನಲ್ಲಿ ಎಣಿಸಿದರೂ ಸಾಕು. ಯಾವ ಕಿಡಿಯೂ ಅಂಥ ಇಳಿಜಾರನ್ನು ನಕಲು ಮಾಡಲಾರದು. ಎಣಿಕೆಯ ಜೊತೆ ಈ ಇಳಿಜಾರನ್ನೂ ತೋರಿಸುವವರ ಮಾತು ನಾನು ನಂಬುತ್ತೇನೆ.

ನ್ಯೂಟ್ರಾನ್ ಮೂಲ ಎಲ್ಲಿಂದ?

ಇಲ್ಲಿ ಆಯ್ಕೆ ಕಡಿಮೆ, ಕಡಿಮೆಯೇ ಇರಲಿ. ಅಮೆರಿಸಿಯಂ-ಬೆರಿಲಿಯಂ, ಕ್ಯಾಲಿಫೋರ್ನಿಯಂ-252 ಇವು ಲೈಸೆನ್ಸ್ ಇರುವ ಪ್ರಯೋಗಾಲಯದ ಸೊತ್ತು. ಕ್ಯಾಲಿಫೋರ್ನಿಯಂನ ಒಂದು ಮೈಕ್ರೋಗ್ರಾಮ್ ಸೆಕೆಂಡಿಗೆ 23 ಲಕ್ಷ ನ್ಯೂಟ್ರಾನ್ ಉಗುಳುತ್ತದೆ, ಆಟದ ವಸ್ತು ಅಲ್ಲ. ಒಳಗೆ ಚೂರು ಅಮೆರಿಸಿಯಂ ಇರುವ ಹೊಗೆ ಡಿಟೆಕ್ಟರುಗಳನ್ನು ಬಿಚ್ಚಿ ಮೂಲ ಮಾಡುವ ಯೋಚನೆ ಇದ್ದರೆ ಅಲ್ಲೇ ಬಿಡಿ. ಮಿಶಿಗನ್‌ನಲ್ಲಿ ಒಬ್ಬ ಹದಿಹರೆಯದ ಹುಡುಗ ಇಂಥದ್ದಕ್ಕೆ ಕೈ ಹಾಕಿ, 1995ರಲ್ಲಿ ಅಮೆರಿಕದ ಪರಿಸರ ಸಂಸ್ಥೆಯವರು ಬಂದು ಶೆಡ್ಡನ್ನೇ ಬಿಚ್ಚಿ ಒಯ್ಯಬೇಕಾಯಿತು. ಪುಡಿಯಾದ ಆಲ್ಫಾ ಮೂಲ ಉಸಿರಿನ ಜೊತೆ ಒಳಗೆ ಹೋದರೆ ವಾಪಸ್ ತೆಗೆಯುವ ದಾರಿ ಇಲ್ಲ. ಫ್ಯೂಸರ್ ಆರಿಸಿದರೆ ಆರುತ್ತದೆ, ಅದು ನಿಜ. ಆದರೆ ಅದರ ಹತ್ತಾರು ಸಾವಿರ ವೋಲ್ಟು ನ್ಯೂಟ್ರಾನಿಗಿಂತ ಮೊದಲೇ ಜೀವ ತೆಗೆಯಬಲ್ಲದು, ಜೊತೆಗೆ ಎಕ್ಸ್-ರೇ ಬೇರೆ. ಅನುಭವಿಗಳ ಎದುರು, ಕಾನೂನಿನ ಒಳಗೆ ಮಾತ್ರ.

ಹಾಗಾದರೆ ನ್ಯೂಟ್ರಾನ್ ಟ್ಯೂಬು ಕೊಂಡು ಏನು ಮಾಡುವುದು? ಆಕಾಶ ಇದೆಯಲ್ಲ. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದು ನ್ಯೂಟ್ರಾನ್ ಸುರಿಸುತ್ತಲೇ ಇರುತ್ತವೆ. ಪಾಲಿಥೀನ್ ಸುತ್ತಿದ ಚಿಕ್ಕ ಹೀಲಿಯಂ-3 ಟ್ಯೂಬಿಗೆ ನಿಮಿಷಕ್ಕೆ ಬೆರಳೆಣಿಕೆಯಷ್ಟು ಸಿಗಬಹುದು, ಅದಕ್ಕೂ ಕಡಿಮೆಯೂ ಆಗಬಹುದು. ವಾಯುಭಾರ 1 ಹೆಕ್ಟೊಪ್ಯಾಸ್ಕಲ್ ಏರಿದರೆ ಎಣಿಕೆ ಸುಮಾರು ಶೇಕಡಾ 0.7 ಇಳಿಯುತ್ತದೆ. ನಿಮಿಷಕ್ಕೆ ಎರಡು ಸಿಕ್ಕರೂ ದಿನಕ್ಕೆ 2,880, ಏರುಪೇರು ಶೇಕಡಾ 2ರ ಒಳಗೆ. ಒಂದು ದೊಡ್ಡ ಮಳೆಮಾರುತ ಹಾದುಹೋಗಿ ವಾಯುಭಾರ 10 ಹೆಕ್ಟೊಪ್ಯಾಸ್ಕಲ್ ಕುಸಿದರೆ ನಿಮ್ಮ ನಕ್ಷೆಯಲ್ಲಿ ಅದು ಕಾಣಬೇಕು. ಟ್ಯೂಬಿನ ಸುತ್ತ ಸೀಸದ ಇಟ್ಟಿಗೆ ಜೋಡಿಸಿದರೆ ಎಣಿಕೆ ಕಡಿಮೆ ಆಗುವ ಬದಲು ಹೆಚ್ಚುತ್ತದೆ, ಯಾಕೆಂದರೆ ಕಾಸ್ಮಿಕ್ ಕಣಗಳು ಸೀಸದೊಳಗೇ ಹೊಸ ನ್ಯೂಟ್ರಾನ್ ಹುಟ್ಟಿಸುತ್ತವೆ. ಜಾನ್ ಸಿಂಪ್ಸನ್ 1948ರಲ್ಲಿ ಕಟ್ಟಿದ ನ್ಯೂಟ್ರಾನ್ ಮಾನಿಟರಿನ ಗುಟ್ಟೂ ಇದೇ ಸೀಸ.

ಬಳಸಿದ ಟ್ಯೂಬು ಕೊಂಡರೆ ಮೊದಲು ನಿಮ್ಮ ದೇಶದಲ್ಲಿ ಅದನ್ನು ತರಿಸಲು ಅನುಮತಿ ಬೇಕಾ ಅಂತ ನೋಡಿ, ಕೆಲವು ಕಡೆ ಹೀಲಿಯಂ-3 ಟ್ಯೂಬಿಗೆ ರಫ್ತಿನ ಕಟ್ಟುಪಾಡುಗಳಿವೆ. ಟ್ಯೂಬು ಬಂದಮೇಲೆ ಬೇರೇನೂ ಮಾಡದೆ ಪಾಲಿಥೀನ್ ಸುತ್ತಿ ಎರಡು ದಿನ, ಬಿಚ್ಚಿ ಎರಡು ದಿನ ಎಣಿಸಿ. ಎರಡೂ ಒಂದೇ ಬಂದರೆ ನೀವು ಎಣಿಸುತ್ತಿರುವುದು ಕೇಬಲ್ಲಿನ ಸದ್ದನ್ನು. ಟ್ಯೂಬನ್ನು ಬೈಯುವ ಮೊದಲು ಕನೆಕ್ಟರನ್ನು ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ, ಮತ್ತೆ ಎಣಿಸಿ.